ಮನೆಯಲ್ಲಿದ್ದೂ ತಿರುವನಂತಪುರದಲ್ಲಿ

ಮಗನ ಕಚೇರಿ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ಮಗ ಇರುವುದು ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ, ಲುಂಗಿ ಉಟ್ಟುಕೊಂಡು. ನಡುವಿನ ಸುಮಾರು 200 ಕಿ.ಮೀ. ದೂರವನ್ನು ವಿಪಿಎನ್ ಎಂಬ ತಂತ್ರಾಂಶ ಒಂದೇ ಕ್ಲಿಕ್ಕಿಗೆ ದಾಟಿಸುತ್ತದೆ. ವಂದೇ ಭಾರತ್ ರೈಲಿಗೂ ಅಷ್ಟು ಚುರುಕಿಲ್ಲ. ಆದರೆ ಅವನದೇ ಮೇಜಿನ ತುದಿಯಲ್ಲಿರುವ ನಮ್ಮ ಪ್ರಿಂಟರನ್ನು ಮುಟ್ಟುವುದು ಮಾತ್ರ ಆಗುವುದಿಲ್ಲ. ವಿಪಿಎನ್ ಹಾಕಿದರೆ ಸಾಕು, ಪ್ರಿಂಟರ್ 'ಆಫ್‌ಲೈನ್'. ಹಸಿರು ದೀಪ ಉರಿಸಿಕೊಂಡು ಎದುರಿಗೇ ಕೂತಿರುತ್ತದೆ, ಪಾಪ.

"ಹಾಳಾಯಿತಾ?" ಎಂದೆ.

"ಇಲ್ಲಪ್ಪ, ನಾನೀಗ ಇಲ್ಲಿಲ್ಲ" ಎಂದ ಮಗ, ಪರದೆಯಿಂದ ಕಣ್ಣು ತೆಗೆಯದೆ.

ಮನೆಯ ರೌಟರ್ ಒಳಗಿನವರಿಗೆಲ್ಲ 192.168 ಎಂದು ಶುರುವಾಗುವ ವಿಳಾಸ ಹಂಚಿರುತ್ತದೆ. ಅದು ಮನೆಯೊಳಗೆ ಮಾತ್ರ ಸಲ್ಲುವ ವಿಳಾಸ. ಪಕ್ಕದ ಫ್ಲ್ಯಾಟಿನಲ್ಲೂ ಅದೇ ಇರಬಹುದು. ವಿಪಿಎನ್ ಬಂತೆಂದರೆ ಲ್ಯಾಪ್‌ಟಾಪಿನಿಂದ ಹೊರಡುವುದೆಲ್ಲ ಗೂಢಲಿಪಿಯಾಗಿ, ಸುರಂಗ ಹಿಡಿದು ಕಚೇರಿಯ ಸರ್ವರಿಗೆ ಹೋಗುತ್ತದೆ. ಕಟ್ಟುನಿಟ್ಟಿನ ಕಚೇರಿಯಾದರೆ ಮನೆಯೊಳಗಿನ ದಾರಿಯನ್ನೂ ಮುಚ್ಚಿಸಿಬಿಡುತ್ತದೆ; ಪ್ರಿಂಟರ್ ಕೈತಪ್ಪುವುದು ಹೀಗೆ.

ಟಿ.ವಿ.ಯ ಕಥೆ ಬೇರೆ. ಫೋನಿನಲ್ಲಿರುವ ತಾಳಮದ್ದಲೆಯನ್ನು ಟಿ.ವಿ.ಗೆ ಹಾಕಬೇಕಾದರೆ ಫೋನು ಮೊದಲು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ "ಇಲ್ಲಿ ಯಾರಿದ್ದೀರಿ?" ಎಂದು ಕೂಗಬೇಕು, ಟಿ.ವಿ. ಓಗೊಡಬೇಕು. ಆ ಕೂಗು ಹೊಸ್ತಿಲು ದಾಟುವಂಥದ್ದಲ್ಲ. ಮಗನ ಫೋನಿನಲ್ಲೂ ವಿಪಿಎನ್ ಇರುವುದರಿಂದ ಅದಕ್ಕೆ ಟಿ.ವಿ. ಕಾಣುವುದೇ ಇಲ್ಲ. ಇದನ್ನೆಲ್ಲ ನನ್ನವಳಿಗೆ ವಿವರಿಸಿದೆ. "ಊಟಕ್ಕೆ ಎಷ್ಟು ಕೂಗಿದರೂ ಅವನು ಓಗೊಡುವುದಿಲ್ಲ. ಅದೂ ವಿಪಿಎನ್ನೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಹಾಗೆ ನೋಡಿದರೆ ಮನೆಯಲ್ಲಿದ್ದೂ ಬೇರೆಡೆ ಇರುವ ಈ ವಿದ್ಯೆ ನಮಗೆ ಹಳೆಯದು. ನಾವು ಕಾಸರಗೋಡಿನ ಕನ್ನಡಿಗರು. 1956ರ ನವೆಂಬರ್ 1ರಂದು ಮನೆಯ ಒಂದು ಹಂಚೂ ಕದಲದೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋದವರು. ಮಂಗಳೂರು 50 ಕಿ.ಮೀ., ಅರ್ಜಿ ಮಾತ್ರ 550 ಕಿ.ಮೀ.ಗೂ ಆಚೆಯ ತಿರುವನಂತಪುರಕ್ಕೆ. 1967ರಲ್ಲಿ ಗಡಿ ತಕರಾರಿನ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು. ನಮ್ಮಪ್ಪ ಸಾಯುವ ತನಕ ಅದನ್ನೇ ಕಾದರು. ಆಳು ಒಂದು ಕಡೆ, ವಿಳಾಸ ಇನ್ನೊಂದು ಕಡೆ ಎಂಬುದು ಮಗನಿಗಿಂತ ಬೇಗ ನನಗೆ ಅರ್ಥವಾಗಿದ್ದರೆ ಆಶ್ಚರ್ಯವೇನು?

ಪ್ರಿಂಟರ್, ಟಿ.ವಿ.ಗಳ ತೊಂದರೆಗೆ ಒಂದು ಉಪಾಯವೇನೋ ಇದೆ. ಕಚೇರಿಯದ್ದಷ್ಟೇ ಸುರಂಗಕ್ಕೆ, ಉಳಿದದ್ದು ಮಾಮೂಲು ದಾರಿಗೆ. 'ಸ್ಪ್ಲಿಟ್ ಟನೆಲಿಂಗ್' ಅನ್ನುತ್ತಾರೆ. ಮಗನ ಕಚೇರಿ ಒಪ್ಪುವುದಿಲ್ಲ. ಮನೆಯ ಟಿ.ವಿ.ಯಲ್ಲೋ ಕ್ಯಾಮೆರಾದಲ್ಲೋ ಅವಿತ ಕಳ್ಳ ತಂತ್ರಾಂಶ ಅವನ ಲ್ಯಾಪ್‌ಟಾಪಿನ ಮೂಲಕ ಒಳನುಗ್ಗೀತೆಂಬ ಭಯ. ಭಯ ನ್ಯಾಯವಾದದ್ದೇ. ಹಾಗಾಗಿ ಮಗ ಸಂಜೆ ವಿಪಿಎನ್ ಕಡಿದು, ಕುರ್ಚಿಯಿಂದ ಏಳದೆಯೇ ಮನೆಗೆ ಬರುತ್ತಾನೆ. ಆಗ ಪ್ರಿಂಟರ್ ಗರಗರ ಅನ್ನುತ್ತದೆ, ಟಿ.ವಿ.ಯಲ್ಲಿ ಭಾಗವತರು ಪದ ಎತ್ತುತ್ತಾರೆ. ಊಟದ ಕೂಗಿಗೆ ಮಾತ್ರ ಆಗಲೂ ಖಾತರಿಯಿಲ್ಲ.

ನೀವು ಸ್ವಂತಕ್ಕೆ ಹಾಕಿಕೊಂಡ ವಿಪಿಎನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಮನೆಯ ನೆಟ್‌ವರ್ಕಿಗೆ ಅನುಮತಿ ಕೊಡುವ ಆಯ್ಕೆ ಇದೆಯೇ ಹುಡುಕಿ. ಕಚೇರಿಯದ್ದಾದರೆ, ಪ್ರಿಂಟರನ್ನು ರಿಪೇರಿಗೆ ಹೊರುವ ಮುಂಚೆ ಒಮ್ಮೆ ವಿಪಿಎನ್ ಆರಿಸಿ ನೋಡಿ.