ಬೆನ್ನು ನೋಡದೆ ಬೆಲೆ ಕಟ್ಟಬೇಡಿ

ರೋಡ್ ಐಲೆಂಡಿನ ಪ್ರಾವಿಡೆನ್ಸ್ ಹತ್ತಿರದ ಹಳೇ ಸಾಮಾನಿನ ಸಂತೆಯಲ್ಲಿ ಈಚೆಗೆ ಒಂದು ಜೊತೆ ಕ್ಲಿಪ್ ಓಲೆ ಕೈಗೆ ಸಿಕ್ಕಿತು. ಹರಳುಗಳು ಮಳೆ ನಿಂತ ರಸ್ತೆಯಲ್ಲಿ ಪೆಟ್ರೋಲು ಚೆಲ್ಲಿದ ಹಾಗೆ: ಒಂದು ಮಗ್ಗುಲಿಂದ ನೇರಳೆ, ಇನ್ನೊಂದರಿಂದ ಹಸಿರು, ತುಸು ವಾಲಿಸಿದರೆ ಹಳದಿ. ದಾರದಲ್ಲಿ ಕಟ್ಟಿದ ಚೀಟಿಯ ಮೇಲೆ ‘1934’ ಎಂದು ಬರೆದಿತ್ತು. ಬೆಲೆಯೂ ಆ ವಯಸ್ಸಿಗೆ ತಕ್ಕಂತೆಯೇ ಇತ್ತು. ಅದು ಹೇಗೆ 1934 ಎಂದು ಕೇಳಿದೆ. ವ್ಯಾಪಾರಿ ಓಲೆ ಮಗುಚಿ, ಕ್ಲಿಪ್ಪಿನ ಮೇಲೆ ಒತ್ತಿದ್ದ ಪೇಟೆಂಟ್ ಸಂಖ್ಯೆ ತೋರಿಸಿದ. 1967965. ಮುಖದಲ್ಲಿ ಗೆದ್ದ ಕಳೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ರೋಡ್ ಐಲೆಂಡಿನಲ್ಲೂ ಇದ್ದಾರೆ. ಆ ಪೇಟೆಂಟ್ ಸಿಕ್ಕಿದ್ದು 1934ರಲ್ಲಿ, ಸರಿ. ಆದರೆ ಸಿಕ್ಕಿದ್ದು ಕ್ಲಿಪ್ಪಿಗೆ, ಓಲೆಗಲ್ಲ. ಕಿವಿ ಚುಚ್ಚಿಸಿಕೊಳ್ಳದ ಹೆಂಗಸರಿಗಾಗಿ ಮಾಡಿದ ಆ ಸ್ಪ್ರಿಂಗ್ ಹಿಡಿಕೆ ಬಿಡಿಭಾಗವಾಗಿ ಒಡವೆ ಕಾರ್ಖಾನೆಗಳಿಗೆಲ್ಲ ಹೋಗುತ್ತಿತ್ತು, ವರ್ಷಗಟ್ಟಲೆ ಹೋಯಿತು, ಅದೇ ಸಂಖ್ಯೆ ಹೊತ್ತುಕೊಂಡು. ಇನ್ನು ಆ ಬಣ್ಣ ಬದಲಿಸುವ ಹರಳು, ‘ಅರೋರಾ ಬೊರಿಯಾಲಿಸ್’, ಅದನ್ನು ಸ್ವರೋವ್‌ಸ್ಕಿಯವರು ಪ್ಯಾರಿಸ್ಸಿನ ಡಿಯೋರ್ ಜೊತೆ ಸೇರಿ ಹೊರತಂದದ್ದೇ 1950ರ ದಶಕದ ನಡುವಿನಲ್ಲಿ. ಹರಳು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಓಲೆ ಹುಟ್ಟಿಬಿಟ್ಟಿತೇ?

ಪೇಟೆಂಟ್ ಸಂಖ್ಯೆ ಹಿಡಿದು ಜಾತಕ ಬರೆಯುವವರ ಮೇಲೆ ನನಗೆ ಹಳೇ ಸಿಟ್ಟು. ಕೋರೋ ಕಂಪನಿಯ ‘ಡ್ಯುಯೆಟ್’ ಪಿನ್ನುಗಳ ಪಾಡೂ ಇದೇ. ಎರಡು ಕ್ಲಿಪ್ಪುಗಳನ್ನು ಒಂದು ಚೌಕಟ್ಟಿಗೆ ಸಿಕ್ಕಿಸಿದರೆ ಒಂದು ಬ್ರೋಚ್, ಬಿಡಿಸಿದರೆ ಕೊರಳಂಚಿನ ಎರಡು ಕಡೆಗೆ ಎರಡು. ಚೌಕಟ್ಟಿನ ಮೇಲೆ 1798867 ಎಂದಿರುತ್ತದೆ. ಅದು 1931ರ ಪೇಟೆಂಟ್, ಚೌಕಟ್ಟಿನ ಉಪಾಯಕ್ಕೆ ಸಿಕ್ಕಿದ್ದು. ಮೇಲೆ ಕೂತ ಗೂಬೆಗಳು ಹತ್ತು ವರ್ಷ ಕಿರಿಯವಾದರೂ ಚೀಟಿಯಲ್ಲಿ 1931ರವೇ. ನಿಜಕ್ಕೂ ವಯಸ್ಸು ಹೇಳುವುದು ವಿನ್ಯಾಸದ ಪೇಟೆಂಟ್. ಅದರ ಹಿಂದೆ ‘ಡೆಸ್.’ ಎಂದು ಇರುತ್ತದೆ, ಅಂಕಿ ಆರೇ. 1940ರ ಆರಂಭದಲ್ಲಿ ಅದು ಒಂದು ಲಕ್ಷ ಹದಿನೆಂಟು ಸಾವಿರದ ಆಸುಪಾಸಿನಲ್ಲಿತ್ತು, 1950ಕ್ಕೆ ಒಂದು ಲಕ್ಷ ಐವತ್ತಾರು ಸಾವಿರ ದಾಟಿತ್ತು. ಏಳು ಅಂಕಿಗೂ ಆರು ಅಂಕಿಗೂ ಇರುವ ವ್ಯತ್ಯಾಸ ಎಣಿಸಲು ಬೆರಳು ಸಾಕು. ಎಣಿಸುವ ವ್ಯವಧಾನ ಬೇಕು, ಅಷ್ಟೆ.

ನನ್ನ ರೂಢಿ ಬೇರೆ. ಒಡವೆ ಕೈಗೆ ಬಂದ ಕೂಡಲೇ ಬೋರಲು ಹಾಕುತ್ತೇನೆ. ಮುಖ ಎಲ್ಲರನ್ನೂ ಮೆಚ್ಚಿಸಲು ಮಾಡಿದ್ದು, ಬೆನ್ನಿಗೆ ಆ ಹಂಗಿಲ್ಲ. ಭೂತಗನ್ನಡಿ ಹಿಡಿದು ಮೊದಲು ಕೊಂಡಿ, ಆಮೇಲೆ ಲೋಹ, ಹೆಸರು ಕಟ್ಟಕಡೆಗೆ. ಟ್ರೈಫಾರಿ ಕಂಪನಿಯವರ ಕಿರೀಟ ಹೊತ್ತ ‘ಟಿ’ ಪಕ್ಕದಲ್ಲಿ ‘ಸ್ಟರ್ಲಿಂಗ್’ ಎಂದಿದ್ದರೆ ಬಹುಮಟ್ಟಿಗೆ ಯುದ್ಧಕಾಲದ್ದು. 1942ರಲ್ಲಿ ತವರ ಯುದ್ಧಕ್ಕೆ ಮೀಸಲಾಯಿತು, ಗಿಲೀಟಿನವರು ಬೇರೆ ದಾರಿಯಿಲ್ಲದೆ ಬೆಳ್ಳಿಗೆ ಇಳಿದರು. ಅಗ್ಗದ ಮಾಲು ಮಾಡುವವರಿಗೆ ಅಗ್ಗದ ಲೋಹ ಸಿಗದೆ ಬೆಳ್ಳಿಗೆ ಚಿನ್ನದ ನೀರು ಹಾಯಿಸಬೇಕಾಗಿ ಬಂದದ್ದು ನನಗೆ ಈ ಕಸುಬಿನ ಅತ್ಯಂತ ಸೊಗಸಾದ ತಮಾಷೆ. ಹೊಟ್ಟೆಯ ಜಾಗದಲ್ಲಿ ಲ್ಯೂಸೈಟ್ ಪ್ಲಾಸ್ಟಿಕ್ಕಿನ ತಿಳಿ ಉಂಡೆ ಕೂರಿಸಿದ ಮೀನು, ಕೋಳಿ, ಕಪ್ಪೆಗಳು, ‘ಜೆಲ್ಲಿ ಬೆಲ್ಲಿ’ ಎನ್ನುತ್ತಾರಲ್ಲ, ಅವುಗಳಲ್ಲಿ ಒಳ್ಳೆಯವು ಆ ಬೆಳ್ಳಿಯ ಕಾಲದವೇ. ಆಗ ಟ್ರೈಫಾರಿಯ ವಿನ್ಯಾಸ ನೋಡುತ್ತಿದ್ದವನು ಆಲ್ಫ್ರೆಡ್ ಫಿಲಿಪ್. ಕಾರ್ಟಿಯೆ, ವ್ಯಾನ್ ಕ್ಲೀಫ್‌ನವರ ಅಸಲಿ ವಜ್ರಗಳಿಗೆ ವಿನ್ಯಾಸ ಮಾಡಿ ಬಂದ ಕೈ, 1930ರಿಂದ 1968ರವರೆಗೆ ಗಾಜಿನ ಹರಳಿಗೂ ಅದೇ ಮರ್ಯಾದೆ ಕೊಟ್ಟಿತು.

ಹೆಸರಿನ ಪಕ್ಕ ಸುತ್ತು ಹಾಕಿದ ‘ಸಿ’, ಅಂದರೆ ಕಾಪಿರೈಟ್ ಚಿಹ್ನೆ, ಇದ್ದರೆ ಒಡವೆ 1955ರ ಈಚೆಗಿನದು ಎಂದು ಹೆಚ್ಚುಕಡಿಮೆ ಹೇಳಬಹುದು. ಇದರ ಹಿಂದೆ ಒಂದು ವ್ಯಾಜ್ಯವಿದೆ. ತಮ್ಮ ವಿನ್ಯಾಸ ಕದ್ದರೆಂದು ಟ್ರೈಫಾರಿಯವರು ಚಾರೆಲ್ ಎಂಬ ಕಂಪನಿಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. ಗಿಲೀಟೊಡವೆಗೂ ಕಲಾಕೃತಿಯ ಹಕ್ಕುಂಟೇ ಎಂಬುದೇ ತಕರಾರು. ಚಿತ್ರ, ಶಿಲ್ಪಗಳಂತೆ ಗಿಲೀಟಿನಲ್ಲೂ ಕಲಾವಿದನ ಕಲ್ಪನೆ ಮೂಡಬಹುದು ಎಂದು ನ್ಯಾಯಾಲಯ 1955ರಲ್ಲಿ ಒಪ್ಪಿತು. ಸೆರಗಿನ ಪಿನ್ನಿನ ಪರವಾಗಿ ನ್ಯಾಯಾಧೀಶರೊಬ್ಬರು ಇಷ್ಟು ಹೇಳಿದ್ದಾರೆಂಬುದನ್ನು ನಾನು ಊರಿಗೆ ಹೋದಾಗಲೆಲ್ಲ ಚಿಕ್ಕಮ್ಮನಿಗೆ ಹೇಳುತ್ತೇನೆ.

ಚಿಕ್ಕಮ್ಮ ಒಪ್ಪುವುದಿಲ್ಲ. “ಗ್ರಾಮ್ ಎಷ್ಟಾಯ್ತೇ?” ಅವರ ಮೊದಲ ಪ್ರಶ್ನೆ. ಗಿಲೀಟು ಎಂದರೆ ಎರಡನೆಯದು: “ಕರಗಿಸಿದ್ರೆ ಏನು ಬರುತ್ತೆ?” ಏನೂ ಬರುವುದಿಲ್ಲ ಚಿಕ್ಕಮ್ಮ. ಅದೇ ಇದರ ಗಮ್ಮತ್ತು. ಚಿನ್ನಕ್ಕೆ ತಕ್ಕಡಿ ಬೆಲೆ ಹೇಳಿಬಿಡುತ್ತದೆ. ಇಲ್ಲಿ ತಕ್ಕಡಿಗೆ ಕೆಲಸವಿಲ್ಲ, ಕಣ್ಣೇ ಹೇಳಬೇಕು: ಯಾರು ಮಾಡಿದ್ದು, ಯಾವಾಗ, ಹರಳು ಮೂಲದ್ದೇ, ಲೇಪ ಎಲ್ಲಿ ಸವೆದಿದೆ.

ಲೇಪದ ಮಾತು ಬಂತಲ್ಲ, ತಾಳ್ಮೆ ತಪ್ಪುವುದು ಇಲ್ಲೇ. ಮಾರುವ ಮುನ್ನ ಈ ವ್ಯಾಪಾರಿಗಳಿಗೆ ಒಡವೆ ಪಳಪಳ ಹೊಳೆಯಬೇಕು. ಸೋಪಿನ ನೀರಲ್ಲಿ ಅದ್ದುತ್ತಾರೆ, ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಗಾಜಿನ ಹರಳಿನ ಬೆನ್ನಿಗೆ ಅಂಟಿಸಿದ ಬೇಗಡೆಯ ಮೇಲೆ ನೀರು ಇಳಿದರೆ ಹರಳು ಮಂಕಾಗಿ ಸಾಯುತ್ತದೆ. ಮತ್ತೆ ಬದುಕಿಸಿದವರಿಲ್ಲ. ಸತ್ತದ್ದನ್ನು ಕಿತ್ತು, ಹೊಸದನ್ನು ಸೂಪರ್ ಗ್ಲೂ ಹಾಕಿ ಕೂರಿಸುತ್ತಾರೆ. ಅದರ ಹಬೆ ಸುತ್ತಲಿನ ಹರಳುಗಳ ಮೇಲೂ ಬೆಳ್ಳಗೆ ಪೊರೆ ಕಟ್ಟುತ್ತದೆ. ಹಿಂದಿನ ಹಸಿರು ಕಿಲುಬನ್ನು ಮಾತ್ರ ಮುಟ್ಟುವುದಿಲ್ಲ. ಅದು ‘ಪುರಾತನದ ಲಕ್ಷಣ’ವಂತೆ! ಬಿಟ್ಟರೆ ಲೋಹವನ್ನು ತಿನ್ನುವ ಕಿಲುಬನ್ನು ಸಾಕಿ, ಉಳಿಸಬೇಕಾದ ಬೇಗಡೆಯನ್ನು ತೊಳೆದು ಹಾಕುವ ಈ ಜಾಣರಿಗೆ ಭೂತಗನ್ನಡಿ ಕೊಡುವುದೇ ದಂಡ.

ಇನ್ನೊಂದು ಪಂಗಡ ಹೆಸರಿನ ಹುಚ್ಚಿನವರದು. ಮುದ್ರೆ ಇಲ್ಲದಿದ್ದರೆ ಕೈಯಲ್ಲೂ ಹಿಡಿಯರು. ಮಿರಿಯಮ್ ಹ್ಯಾಸ್ಕೆಲ್ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದದ್ದು 1926ರಲ್ಲಿ. 1940ರ ದಶಕದ ಕೊನೆಯ ತನಕ ಆಕೆಯ ಒಡವೆಗಳ ಮೇಲೆ ಸಾಮಾನ್ಯವಾಗಿ ಹೆಸರೇ ಇರುತ್ತಿರಲಿಲ್ಲ. ಆದರೆ ಮಗುಚಿ ನೋಡಿ: ಜಾಲರಿ ತಗಡಿನ ತೂತುತೂತಿನಲ್ಲೂ ಕೂದಲೆಳೆಯ ತಂತಿ ಹಾಯಿಸಿ, ಒಂದೊಂದು ಮುತ್ತನ್ನೂ ಕೈಯಲ್ಲೇ ಬಿಗಿದಿರುತ್ತಾರೆ. ಇದಕ್ಕಿಂತ ಸ್ಪಷ್ಟವಾದ ರುಜು ಯಾವುದು? ಅಂಥ ಪಿನ್ನನ್ನು ಹೆಸರಿಲ್ಲದ ರಾಶಿಗೆ ಎಸೆದು, ಎರಕದಲ್ಲಿ ಲಕ್ಷಗಟ್ಟಲೆ ಸುರಿದ ಹೆಸರಿರುವ ಎಲೆ-ಹೂವಿಗೆ ಗಾಜಿನ ಪೆಟ್ಟಿಗೆ, ಬೀಗ.

ಷಿಕಾಗೋದ ಐಸೆನ್‌ಬರ್ಗ್ ಕಂಪನಿಯವರ ಕಥೆಯನ್ನು ಇವರಿಗೆ ಯಾರಾದರೂ ಹೇಳಬೇಕು. ಅವರು ಉಡುಪಿನ ವ್ಯಾಪಾರಿಗಳು. ಗೌನು ಎದ್ದು ಕಾಣಲೆಂದು ಎದೆಯ ಮೇಲೊಂದು ಹರಳಿನ ಪಿನ್ನು ಸಿಕ್ಕಿಸಿ ಅಂಗಡಿಗಳಿಗೆ ಕಳಿಸುತ್ತಿದ್ದರು. ಗಿರಾಕಿಗಳು ಗೌನನ್ನು ಅಲ್ಲೇ ಬಿಟ್ಟು ಪಿನ್ನು ಕದ್ದುಕೊಂಡು ಹೋಗತೊಡಗಿದರು. ಕೊನೆಗೆ ಕಂಪನಿಯವರು ಪಿನ್ನುಗಳನ್ನೇ ಬೇರೆಯಾಗಿ ಮಾರಲು ಶುರುಮಾಡಿದರು, ಐಸೆನ್‌ಬರ್ಗ್ ಒಡವೆಗೆ ಹೆಸರು ಬಂದದ್ದು ಹಾಗೆ. ಆ ಮೊದಮೊದಲ ಪಿನ್ನುಗಳ ಮೇಲೆ ಮುದ್ರೆ ಇರಲಿಲ್ಲ. ಕದ್ದ ಹೆಂಗಸರು ಹುಡುಕಲೂ ಇಲ್ಲ.