ಚುಕ್ಕಿ ಎಣಿಸಿ ನೋಡುವುದು

ಬೆಳಗ್ಗೆ ಬೀದಿಯಲ್ಲಿ ನಡೆಯುವಾಗ ಚೆಂದದ ರಂಗೋಲಿ ಕಂಡರೆ ಅಮ್ಮ ಗಳಿಗೆ ಹೊತ್ತು ನಿಲ್ಲುತ್ತಿದ್ದಳು. ಅದರ ಬಳ್ಳಿ, ಹೂವು, ನವಿಲುಗಳನ್ನು ನೆನಪಿಟ್ಟುಕೊಳ್ಳಲು ಹೋಗುತ್ತಿರಲಿಲ್ಲ. ತುಟಿಯಲ್ಲೇ ಎಣಿಸಿ, "ಹದಿನೈದರಿಂದ ಎಂಟು, ಸಂದುಚುಕ್ಕಿ" ಎಂದುಕೊಂಡು ಮುಂದೆ ನಡೆದುಬಿಡುವಳು. ಮರುದಿನ ನಮ್ಮ ಬಾಗಿಲಲ್ಲಿ ಅರಳುತ್ತಿದ್ದುದು ಬೇರೆಯೇ ರಂಗೋಲಿ. ಚುಕ್ಕಿ ಅವರದು, ಎಳೆ ನಮ್ಮದು.

ಸಂಗೀತದ ವಿಡಿಯೋಗಳನ್ನು ಈಗ ನಾನು ನೋಡುವುದೂ ಹೀಗೆಯೇ. ಅಕ್ಕನ ಮಗಳು ತಾನೇ ರಾಗ ಹಾಕಿದ, ಆದಿತಾಳದ ಪುಟ್ಟ ಹಾಡೊಂದನ್ನು ತಂದು "ಇದಕ್ಕೊಂದು ವಿಡಿಯೋ ಮಾಡೋಣ ಮಾಮ" ಎಂದಳಲ್ಲ, ಆ ಮಳೆಗಾಲದಿಂದ ಬಂದ ಅಭ್ಯಾಸ. ಮೊದಲ ಸಲ ಸುಮ್ಮನೆ ನೋಡುತ್ತೇವೆ. ಎರಡನೆಯ ಸಲ ಸದ್ದಡಗಿಸಿ, ಮೂರನೆಯ ಸಲ ಕಣ್ಣು ಮುಚ್ಚಿ. ನಾಲ್ಕನೆಯ ಸಲ ಕೈಯಲ್ಲಿ ಪೆನ್ಸಿಲ್ಲು: ದೃಶ್ಯ ಎಲ್ಲಿ ಕತ್ತರಿಸಿತು, ಆಗ ಹಾಡಿನಲ್ಲಿ ಏನಾಯಿತು?

ಹಾಗೆ ನೋಡಿದಾಗ ದಕ್ಕಿದ್ದು 'ಸ್ಟಾರ್ ಗಿಟಾರ್'. ಕೆಮಿಕಲ್ ಬ್ರದರ್ಸ್ ಜೋಡಿಯ ಸಂಗೀತಕ್ಕೆ ಫ್ರಾನ್ಸಿನ ಮಿಶೆಲ್ ಗೊಂಡ್ರಿ 2002ರಲ್ಲಿ ಮಾಡಿದ ವಿಡಿಯೋ. ಅದರಲ್ಲಿರುವುದೆಲ್ಲ ರೈಲಿನ ಕಿಟಕಿಯಾಚೆಯ ನೋಟ. ನೋಡುತ್ತಾ ನೋಡುತ್ತಾ ಮೈ ಜುಮ್ಮೆನ್ನುತ್ತದೆ: ಕಂಬ ಹಾದಲ್ಲಿ ಒಂದು ಪೆಟ್ಟು, ಕಟ್ಟಡ ಸರಿದಲ್ಲಿ ಇನ್ನೊಂದು, ಪೆಟ್ಟು ಮರಳಿದಾಗ ಅದೇ ಕಂಬವೂ ಮರಳುತ್ತದೆ! ನೀಮ್ ಮತ್ತು ವಾಲೆನ್ಸ್ ಊರುಗಳ ನಡುವಿನ ಪಯಣವನ್ನು ದಿನದ ಬೇರೆಬೇರೆ ಹೊತ್ತಿನಲ್ಲಿ ಚಿತ್ರೀಕರಿಸಿ, ಆ ನೋಟಗಳನ್ನು ಕಂಪ್ಯೂಟರಿನಲ್ಲಿ ಲಯಕ್ಕೆ ಪೋಣಿಸಿದ್ದಾರೆ. ಅದಕ್ಕೂ ಮೊದಲು ಗೊಂಡ್ರಿ ಕಿತ್ತಳೆ, ಫೋರ್ಕು, ಲೋಟ, ಬೂಟುಗಳನ್ನು ಸಾಲಾಗಿ ಜೋಡಿಸಿ ತಾಳದ ನಕ್ಷೆ ಹಾಕಿಕೊಂಡಿದ್ದರು. ಒಂದು ಕಾಲಕ್ಕೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ ಕೈ ಅದು. ಕಂಡದ್ದನ್ನೆಲ್ಲ ಎಣಿಕೆಗೆ ಕೂರಿಸಬಲ್ಲದು.

ಅದೇ ವರ್ಷ ಬಂದ ಕೋಲ್ಡ್‌ಪ್ಲೇ ತಂಡದ 'ದಿ ಸೈಂಟಿಸ್ಟ್'ನಲ್ಲಿ ಲೋಕವೆಲ್ಲ ಹಿಮ್ಮುಖವಾಗಿ ಸಾಗುತ್ತದೆ. ಗಾಯಕ ಕ್ರಿಸ್ ಮಾರ್ಟಿನ್ ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂಡುತ್ತದೆ. ಅವರು ಹಾಡನ್ನು ಕೊನೆಯಿಂದ ಮೊದಲಿಗೆ ತಿರುಗಾಮುರುಗಾ ಕಲಿತು ಕ್ಯಾಮೆರಾ ಮುಂದೆ ಹಾಡಿದರು. ಆಮೇಲೆ ಚಿತ್ರವನ್ನು ಹಿಂದಕ್ಕೆ ಓಡಿಸಲಾಯಿತು. ಆಗಿಹೋದದ್ದನ್ನು ಮತ್ತೆ ಮೊದಲಿಗೆ ತರಬೇಕೆಂಬ ಹಂಬಲವೇ ಆ ಹಾಡಿನ ಜೀವ. ತಂತ್ರ ಹುಟ್ಟಿದ್ದು ಅಲ್ಲಿಂದ.

ಇಂಥ ಹೊತ್ತಲ್ಲಿ ನನಗೆ ನಮ್ಮ ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಗುರುದತ್ತರ ಕಣ್ಣಾದ ವಿ.ಕೆ. ಮೂರ್ತಿ ನೆನಪಾಗುತ್ತಾರೆ. ಛಾಯಾಗ್ರಾಹಕರಲ್ಲಿ ಫಾಲ್ಕೆ ಪ್ರಶಸ್ತಿ ಮೊದಲು ಸಂದದ್ದು ಅವರಿಗೆ. 1959ರ 'ಕಾಗಜ್ ಕೆ ಫೂಲ್' ಚಿತ್ರದ ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಕ್ಕೆ ಬೆಳಕಿನ ಕೋಲೊಂದು ಇಳಿಯುತ್ತದೆ. ಅದನ್ನು ತಂದದ್ದು ಎರಡು ಕನ್ನಡಿ: ಹೊರಗಿನ ಬಿಸಿಲನ್ನೇ ಹಿಡಿದು ಒಳಕ್ಕೆ ಹೊರಳಿಸಿದರು. ನಾಯಕ ನಾಯಕಿಯರ ನಡುವೆ ನಿಂತ ಆ ಬೆಳಕು ಅವರು ಆಡದೆ ಉಳಿಸಿಕೊಂಡ ಮಾತಿನಂತಿದೆ. ಕನ್ನಡಿ ಎಲ್ಲರ ಮನೆಯಲ್ಲೂ ಇದೆ. ಆ ಮಾತು ಕೇಳಿಸಿದ ಮೇಲೆಯೇ ಅದು ಉಪಯೋಗಕ್ಕೆ ಬರುವುದು.

ಗೊಂಡ್ರಿಯಂತೆ ನಾವೂ ಅಡುಗೆಮನೆಯ ಮೇಜಿನ ಮೇಲೆ ಆದಿತಾಳ ಹರಡಿದೆವು. ತಟ್ಟಿಗೆ ನಿಂಬೆಹಣ್ಣು, ಬೆರಳೆಣಿಕೆಗೆ ಅವರೆಕಾಳು. ಬೀಸಿಗೆ ಏನಿಡುವುದು? ಅಂಗೈ ಅಂಗಾತ ಹೊರಳುವಲ್ಲಿ ಸದ್ದೇ ಇಲ್ಲ. ಜಾಗ ಖಾಲಿ ಬಿಟ್ಟೆವು. ಆ ಖಾಲಿಯನ್ನೇ ನೋಡುತ್ತಿದ್ದ ಅಕ್ಕನ ಮಗಳು "ಸುರಂಗ!" ಎಂದಳು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿಯಲ್ಲಿ 57 ಸುರಂಗಗಳಿವೆ. ಹಗಲು ರೈಲಿನ ಕಿಟಕಿಗೆ ಫೋನನ್ನು ಆನಿಸಿ ಹಿಡಿದು, ಹಸಿರು, ಝರಿ, ಸೇತುವೆ, ಮತ್ತೆ ಕತ್ತಲು, ಎಲ್ಲವನ್ನೂ ತುಂಬಿಕೊಂಡು ಬಂದೆವು. ಜೋಡಿಸಲು ಕೂತಾಗ ಅವಳಿಗೆ ಅಳುಕು: "ರೈಲು ಗೊಂಡ್ರಿಯದಲ್ಲವಾ?" ಅವರು ಪೆಟ್ಟನ್ನು ಕಾಣಿಸಿದರು, ನಾವು ಪೆಟ್ಟಿಲ್ಲದ ಕಡೆಯನ್ನು ಕಾಣಿಸೋಣ ಎಂದೆ. ಬೀಸು ಬಂದಲ್ಲೆಲ್ಲ ಸುರಂಗದ ಕತ್ತಲನ್ನಿಟ್ಟೆವು.

ಮುಗಿದ ಸಂಜೆ ಅಮ್ಮನಿಗೆ ತೋರಿಸಿದೆವು. ಬೀಸಿನ ವಿಷಯ ಅವಳಿಗೆ ಹೇಳಿರಲಿಲ್ಲ. ಫೋನನ್ನು ಒಂದು ತೋಳು ದೂರ ಹಿಡಿದು, ಭಜನೆಗೆ ಪಳಗಿದ ಇನ್ನೊಂದು ಕೈಯನ್ನು ತೊಡೆಯ ಮೇಲೆ ತಟ್ಟುತ್ತಾ ನೋಡಿದಳು. ಮೊದಲ ಸುರಂಗ ಬಂತು. ಪರದೆ ಕಪ್ಪಾದ ಕ್ಷಣಕ್ಕೇ ಅವಳ ಅಂಗೈ ಮೇಲ್ಮುಖವಾಗಿ ಹೊರಳಿತು.