ಹಕಾರಕ್ಕೆ ಪಕಾರ

ಚೆನ್ನೈಗೆ ಬಂದ ಹೊಸದರಲ್ಲಿ ನನ್ನ ತಮಿಳು ಒಂದೇ ಸೂತ್ರದ ಮೇಲೆ ಓಡುತ್ತಿತ್ತು: 'ಹ' ಕಿತ್ತು 'ಪ' ಕೂರಿಸು. ಹಾಲು ಪಾಲ್, ಹೂ ಪೂ, ಹಣ ಪಣಂ. ಹಳಗನ್ನಡದ ಕಾಲದಲ್ಲಿ ನಾವೂ ಪಾಲನ್ನೇ ಕುಡಿಯುತ್ತಿದ್ದವರಲ್ಲವೇ! ನನ್ನೂರು ಸಾಗರದಿಂದ ತಂದ ಹಲಸಿನ ಹಪ್ಪಳ ಮುಗಿದ ದಿನ, ಅದೇ ಧೈರ್ಯದಲ್ಲಿ ವೇಳಚೇರಿಯ ಅಣ್ಣಾಚಿ ಅಂಗಡಿಗೆ ಹೋಗಿ "ಪಪ್ಪಳಂ" ಎಂದೆ. ಆತ ಮಾಗಿದ ಪರಂಗಿಹಣ್ಣೊಂದನ್ನು ತಕ್ಕಡಿಗೆ ಹಾಕಿದ. ತಮಿಳಿನಲ್ಲಿ ಹಪ್ಪಳ ಅಪ್ಪಳಂ. ಪಪ್ಪಾಳಿ ಎಂದರೆ ಪರಂಗಿ. ಬೇಡ ಎನ್ನುವಷ್ಟು ತಮಿಳು ಇನ್ನೂ ಬಂದಿರಲಿಲ್ಲ. ಆ ರಾತ್ರಿ ಸಾರನ್ನಕ್ಕೆ ಪರಂಗಿ ನಂಚಿಕೊಂಡೆ.

ಹೊಟ್ಟೆಪಾಡಿನ ಕೆಲಸವೂ ಇಂಥದೇ. ವೆಬ್ ಆ್ಯಪ್ ಬಿಲ್ಡ್ ಮಾಡುವಾಗ 'ವೀಟ್' ಎಂಬ ಸಾಧನ ಕೋಡಿನಲ್ಲಿರುವ ಹೆಸರುಗಳನ್ನು ಕಿತ್ತು, ಫೈಲಿನಲ್ಲಿ ಬರೆದಿಟ್ಟ ವಿಳಾಸಗಳನ್ನು ಕೂರಿಸುತ್ತದೆ. ಲೋಕಲ್‌ಗೆ ಒಂದು ಫೈಲು, ಕ್ಲೌಡಿಗೆ ಇನ್ನೊಂದು. ವೀಟ್ ಎಂದರೆ ಫ್ರೆಂಚಿನಲ್ಲಿ 'ಬೇಗ'. ಚೆನ್ನೈಯಲ್ಲಿ ಕೂತವನ ಕಿವಿಗೆ ಅದು 'ವೀಡು', ಅಂದರೆ ಮನೆ, ಎಂದೇ ಬೀಳುತ್ತದೆ. ಡೆಮೊದ ಹಿಂದಿನ ರಾತ್ರಿ ಕ್ಲೌಡಿನ ಫೈಲಿನಲ್ಲಿ ಸರ್ವರ್ ವಿಳಾಸದ ಸಾಲು ಬರೆಯುವುದನ್ನೇ ಮರೆತೆ. ವೀಟ್ ಪಾಪ, ನನ್ನ ಲ್ಯಾಪ್‌ಟಾಪಿನಲ್ಲಿದ್ದ 'ಲೋಕಲ್‌ಹೋಸ್ಟ್' ಎತ್ತಿ ಒಳಗೆ ಹೊಲಿದುಬಿಟ್ಟಿತು.

ಮುಂಬೈಯ ಕ್ಲೌಡಿಗೆ ಏರಿಸಿ ತೆರೆದು ನೋಡಿದೆ. ಲಕಲಕ ಅಂತಿತ್ತು! ಮರುದಿನ ಗಿರಾಕಿಗಳ ಫೋನಿನಲ್ಲಿ ಬರೀ ತಿರುಗುವ ಚಕ್ರ. ಲೋಕಲ್‌ಹೋಸ್ಟ್, ಅಂದರೆ 127.0.0.1, ಯಾವ ಯಂತ್ರದಲ್ಲಿ ಹೇಳಿದರೂ ಆ ಯಂತ್ರವೇ. ಪ್ರತಿಯೊಬ್ಬರ ಫೋನೂ ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿಕೊಂಡು ನಿಂತಿತ್ತು. ನನ್ನ ಮನೆಯಲ್ಲಿ ಮಾತ್ರ ಬಾಗಿಲು ತೆರೆಯುವವರಿದ್ದರು, ಸರ್ವರ್ ಅಲ್ಲೇ ಓಡುತ್ತಿತ್ತಲ್ಲ. "ನನ್ನ ಮೆಷಿನ್ನಿನಲ್ಲಿ ಸರಿ ಇದೆ ಸಾರ್" ಎಂದೆ. ಈ ಕಸುಬಿನಲ್ಲಿ ಎಲ್ಲರೂ ಒಮ್ಮೆ ಹೇಳುವ, ಯಾರೂ ನಂಬದ ಮಾತು.

ಸರಿಮಾಡಿ ಮತ್ತೆ ಏರಿಸುವಾಗ ನಡುರಾತ್ರಿ. ಮುಂಬೈಯಲ್ಲಿದ್ದರೂ ಕ್ಲೌಡಿನ ಗಡಿಯಾರ ಯುಟಿಸಿಯದು, ನಮಗಿಂತ ಐದೂವರೆ ಗಂಟೆ ಹಿಂದೆ; ಲಾಗಿನಲ್ಲಿ ಇನ್ನೂ ಸಂಜೆ ಆರೂವರೆ. ಊರಲ್ಲಿ ಅಮ್ಮ ದೇವರಿಗೆ ದೀಪ ಹಚ್ಚಿ ನನಗೆ ಫೋನ್ ಮಾಡುವ ಹೊತ್ತು. ಮೊಬೈಲ್ ತೆಗೆದೆ. ಮೂರು ಮಿಸ್ಡ್ ಕಾಲ್, ಒಂದು ಮೆಸೇಜು: "ಹಪ್ಪಳ ಕಳ್ಸಿದೀನಿ ಕಣೋ. ಚೀಟಿ ಫೋಟೋ ಹಾಕಿದೀನಿ, ಅಡ್ರೆಸ್ ಸರಿ ಇದ್ಯಾ ನೋಡು."

ಫೋಟೋ ದೊಡ್ಡದು ಮಾಡಿ ನೋಡಿದೆ. ಅಮ್ಮನ ದುಂಡಕ್ಷರ. 'ಇಂದ' ಎಂಬಲ್ಲಿ ಸಾಗರದ ಮನೆ ವಿಳಾಸ. 'ಗೆ' ಎಂಬಲ್ಲಿ ನನ್ನ ಹೆಸರು, ಅದರ ಕೆಳಗೆ ಮತ್ತೆ ಸಾಗರದ ಮನೆ ವಿಳಾಸ.